ನೆಲ ನೋಡಿ ಗಾಲಿ

ಧಾರವಾಡದಲ್ಲಿ ಒಂದು ಭಾನುವಾರ ಸಂಜೆ ಸೈಕಲ್ ಗೆಳೆಯರ ಮುಂದೆ ಆಡಿದ ಮಾತುಗಳಿವು. ಅಲ್ಲಿ ಕೈಯಲ್ಲಿ ಹಿಡಿದು ತೋರಿಸಿದ್ದನ್ನು ಇಲ್ಲಿ ಮಾತಿನಲ್ಲೇ ಹೇಳಲು ನೋಡಿದ್ದೇನೆ.

ಎಲ್ಲರಿಗೂ ನಮಸ್ಕಾರ. ಮಾತು ಶುರು ಮಾಡುವ ಮೊದಲು ಈ ಎರಡು ಗಾಲಿ ನೋಡಿ. ಎರಡರದ್ದೂ ಟಯರ್ ಬಿಚ್ಚಿ ತಂದಿದ್ದೇನೆ. ಇದು ನಮ್ಮಪ್ಪನ ಕಪ್ಪು ಸೈಕಲ್ಲಿನ ಮುಂದಿನ ಗಾಲಿ, 28 ಇಂಚಿನದು. ನಮ್ಮಲ್ಲಿ ಬಹಳ ಜನ ಒಳಗಾಲು ಹಾಕಿ ಸೈಕಲ್ ಕಲಿತದ್ದು ಇಂಥದ್ದರ ಮೇಲೇ. ಇನ್ನೊಂದು ನನ್ನ ಅಕ್ಕನ ಮಗಳಿಗೆ ಕಟ್ಟಿಕೊಟ್ಟ ಮೌಂಟೇನ್ ಬೈಕಿನದು. ಇದಕ್ಕೆ 29 ಇಂಚು ಅಂತಾರೆ. ಯಾವ ರಿಮ್ ದೊಡ್ಡದು, ಹೇಳಿ ನೋಡೋಣ?

ಎಲ್ಲರೂ 29 ಅಂತಿದ್ದೀರಿ. ಒಂದರ ಮೇಲೆ ಒಂದು ಇಡುತ್ತೇನೆ. ನೋಡಿ, ಅಪ್ಪನದ್ದೇ ದೊಡ್ಡದು. ಟಯರ್ ಕೂರುವ ಜಾಗದಲ್ಲಿ ಅಳೆದರೆ ಅಪ್ಪನ ರಿಮ್ 635 ಮಿ.ಮೀ., ಇದು 622 ಮಿ.ಮೀ. ಇಂಚಿನ ಹೆಸರು ರಿಮ್ಮಿಗೆ ಬಂದದ್ದಲ್ಲ, ಟಯರ್ ಹಾಕಿದ ಮೇಲೆ ಹೊರಗಿನ ಅಳತೆಗೆ ಬಂದದ್ದು. ಅಪ್ಪನ ಟಯರ್ ಒಂದೂವರೆ ಇಂಚು ದಪ್ಪ, ಇದರದ್ದು ಎರಡೂಕಾಲು ಇಂಚು. ಹಾಗಾಗಿ ಇದು ಹೊರಗೆ ಸುಮಾರು 736 ಮಿ.ಮೀ. ಆಗಿ 29 ಇಂಚು ಅನ್ನಿಸಿಕೊಂಡಿತು. ರಸ್ತೆ ಮೇಲೆ ಓಡುವ ರೇಸ್ ಸೈಕಲ್ಲಿನ ರಿಮ್ ಕೂಡ ಇದೇ 622.

ಇದನ್ನು ಯಾಕೆ ಮೊದಲು ತೋರಿಸಿದೆ ಅಂದರೆ, ದೊಡ್ಡ ಗಾಲಿ ನಮಗೆ ಹೊಸದಲ್ಲ. ನಮ್ಮ ಹಿರಿಯರು ಹೊಲದ ದಾರಿಯಲ್ಲಿ ಹಾಲಿನ ಕ್ಯಾನು, ಮೇವಿನ ಹೊರೆ ಹೊತ್ತು ಇಂಥ ಗಾಲಿಯ ಮೇಲೇ ಓಡಾಡಿದರು. ಮೌಂಟೇನ್ ಬೈಕ್ ಹುಟ್ಟಿದ ಕಡೆಯೇ ಚಿಕ್ಕ ಗಾಲಿ ಇದ್ದದ್ದು. ಅಮೆರಿಕದ ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿಯಲ್ಲಿ ಒಂದಷ್ಟು ಹುಡುಗರು ಹಳೇ ದಪ್ಪ ಟಯರಿನ ಸೈಕಲ್ ತಗೊಂಡು ಗುಡ್ಡದಿಂದ ಇಳಿಯುತ್ತಿದ್ದರು. 1976ರಲ್ಲಿ ಅಲ್ಲಿ ರೇಸೂ ಶುರುವಾಯಿತು. ಆ ಹಳೇ ಸೈಕಲ್ಲುಗಳ ಗಾಲಿ 26 ಇಂಚು. ದಪ್ಪ ಟಯರ್ ಸುಲಭವಾಗಿ ಸಿಗುತ್ತಿದ್ದದ್ದು ಅದಕ್ಕೇ. ಸಿಕ್ಕಿದ್ದನ್ನು ಬಳಸಿದರು, ಕಂಪನಿಗಳು ಅದನ್ನೇ ಮುಂದುವರಿಸಿದವು. 622 ರಿಮ್ಮಿಗೆ ಸರಿಯಾದ ದಪ್ಪ ಟಯರ್ ಬಂದದ್ದು 1999ರಲ್ಲಿ. 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಜೆಕ್ ದೇಶದ ಯಾರೊಸ್ಲಾವ್ ಕುಲ್ಹಾವಿ 29ರ ಮೇಲೆ ಮೌಂಟೇನ್ ಬೈಕ್ ರೇಸಿನ ಚಿನ್ನ ಗೆದ್ದರು. ಒಂದೇ ಸೆಕೆಂಡ್ ಹಿಂದೆ ಬಂದ ಸ್ವಿಟ್ಜರ್ಲೆಂಡಿನ ನೀನೊ ಶುರ್ಟರ್ 27.5 ಇಂಚಿನ ಗಾಲಿಯ ಮೇಲಿದ್ದರು. ಆಮೇಲೆ ಅವರೂ 29ಕ್ಕೆ ಬಂದರು. ಚರಿತ್ರೆ ಇಷ್ಟು ಸಾಕು. ನಮ್ಮ ನೆಲಕ್ಕೆ ಬರೋಣ.

ಧಾರವಾಡವನ್ನು ಮಲೆನಾಡಿನ ಸೆರಗು ಅಂತೀವಿ. ಪಶ್ಚಿಮಕ್ಕೆ ಕೆಲಗೇರಿ ದಾಟಿದರೆ ಕೆಂಪು ಮಸಾರಿ ನೆಲ, ಗರಸು, ಬೆಣಚುಕಲ್ಲು. ಮುಂದೆ ಹೋದಂತೆ ಕಾಡು. ಪೂರ್ವಕ್ಕೆ ಹೆಬ್ಬಳ್ಳಿ, ಅಮ್ಮಿನಬಾವಿ, ಅಲ್ಲಿಂದ ನವಲಗುಂದ, ಅಣ್ಣಿಗೇರಿ ಕಡೆಗೆಲ್ಲ ಎರೆ, ಕಪ್ಪು ಮಣ್ಣು. ಗದಗ ದಾಟಿ ಕಪ್ಪತಗುಡ್ಡದ ಹತ್ತಿರ ಹೋದರೆ ಮತ್ತೆ ಕಲ್ಲು. ಬೆಳಿಗ್ಗೆ ಮನೆ ಬಿಟ್ಟು ಯಾವ ದಿಕ್ಕಿಗೆ ತಿರುಗಿದಿರಿ ಅನ್ನುವುದರ ಮೇಲೆ ನಿಮ್ಮ ಸೈಕಲ್ಲಿನ ಪಾಡು ಬೇರೆಯಾಗುತ್ತದೆ. ಎರೆ ಬೇಸಿಗೆಯಲ್ಲಿ ಬಿರುಕು ಬಿಟ್ಟು ಸಣ್ಣ ಟಯರನ್ನು ನುಂಗುತ್ತದೆ, ಹೆಂಟೆ ಕಲ್ಲಿನಷ್ಟೇ ಗಟ್ಟಿ. ಮಳೆ ಬಿದ್ದರೆ ಅದೇ ಮಣ್ಣು ಉಬ್ಬಿ ಅಂಟಾಗುತ್ತದೆ. ಒಂದು ಹೆಜ್ಜೆ ಇಟ್ಟರೆ ಚಪ್ಪಲಿಗೆ ಅರ್ಧ ಕಿಲೋ ಮಣ್ಣು ಮೆತ್ತಿಕೊಂಡು ಬರುತ್ತದಲ್ವಾ, ಅದೇ.

ನಾಲ್ಕು ವರ್ಷದ ಹಿಂದೆ ನಾನೊಂದು ರೆಡಿಮೇಡ್ 29 ತಗೊಂಡಿದ್ದೆ. ಅಂಗಡಿಯವರು 'ಎಲ್ಲಾ ಹಾದಿಗೂ ನಡೀತದ ರೀ' ಅಂದಿದ್ದರು. ಮಿರಗದ ಮಳೆ ಬಿದ್ದ ಮೂರನೇ ದಿನ ಹೆಬ್ಬಳ್ಳಿ ಕಡೆಯ ಒಂದು ಹೊಲದ ದಾರಿಗೆ ಇಳಿದೆ. ಮೇಲೆ ನೋಡಲು ಒಣಗಿತ್ತು. ಇನ್ನೂರು ಮೀಟರ್ ಹೋಗಿರಬೇಕು, ಹಿಂದಿನ ಗಾಲಿ ಭಾರವಾಯಿತು. ಆ ಸೈಕಲ್ಲಿನಲ್ಲಿ ಟಯರಿಗೂ ಫ್ರೇಮಿಗೂ ನಡುವೆ 4 ಮಿ.ಮೀ. ಸಂದು. ಅದರೊಳಗೆ ಮಣ್ಣು, ಹುಲ್ಲು, ಜೋಳದ ಕೂಳೆ ಎಲ್ಲ ಸೇರಿ ಇಟ್ಟಿಗೆಯಂತೆ ಕೂತುಬಿಟ್ಟಿತು. ನಾನು ಇನ್ನೊಂದು ಸಲ ಜೋರಾಗಿ ತುಳಿದೆ. ಚೈನಿನ ಜೊತೆ ಕೂಳೆ ಎಳೆದುಕೊಂಡು ಗೇರು ಬದಲಿಸುವ ಹಿಂದಿನ ಡಿರೈಲರ್ ಮೇಲಕ್ಕೆ ಹೋಗಿ ಗಾಲಿಯ ಕಡ್ಡಿಯೊಳಗೆ ಸಿಕ್ಕಿತು. ಅದನ್ನು ಫ್ರೇಮಿಗೆ ಹಿಡಿಯುವ ಹ್ಯಾಂಗರ್ ಮುರಿಯಿತು, ಮೂರು ಕಡ್ಡಿ ಹೋದವು.

ಹೊತ್ತುಕೊಂಡು ಬರುತ್ತಿದ್ದೆ. ಡಾಂಬರು ರಸ್ತೆಯ ಹತ್ತಿರ ಒಬ್ಬ ರೈತರು ಚಕ್ಕಡಿ ನಿಲ್ಲಿಸಿಕೊಂಡು ಕೂತಿದ್ದರು. ಸೈಕಲ್ಲನ್ನು ಮೇಲಿಂದ ಕೆಳಗೆ ನೋಡಿದರು. ಹಿಂದಿನ ಗಾಲಿಯ ಸಂದಿಗೆ ಬೆರಳು ಹಾಕಲು ನೋಡಿದರು, ಹೋಗಲಿಲ್ಲ. 'ಗಾಲಿ ದೊಡ್ಡದೈತಿ ಖರೆ. ಮಣ್ಣಿಗೆ ಹಾದಿ ಎಲ್ಲಿ ಬಿಟ್ಟಾರ?' ಅಂದರು.

ನಾಲ್ಕು ವರ್ಷದಿಂದ ನನಗೆ ಅದೇ ಮಾತು. ಚಕ್ಕಡಿ ಗಾಲಿಯ ಸುತ್ತ ಏನೂ ಇರುವುದಿಲ್ಲ. ಮಣ್ಣು ಅಂಟುತ್ತದೆ, ಮೇಲೆ ಹೋಗುತ್ತದೆ, ಉದುರುತ್ತದೆ. ಆ ಗಾಲಿಯನ್ನು ಮಾಡಿದ ಬಡಿಗರು ಯಾವ ಪುಸ್ತಕ ನೋಡಿಯೂ ಮಾಡಿದ್ದಲ್ಲ, ಈ ಮಣ್ಣು ನೋಡಿ ಮಾಡಿದ್ದು. ಸೈಕಲ್ ಕೂಡ ಹಾಗೇ ಕಟ್ಟಬೇಕು ಅನ್ನುವುದು ನನ್ನ ಮಾತು. ಬಿಡಿಭಾಗ ತೈವಾನಿನಿಂದ ಬರಲಿ, ಜಪಾನಿನಿಂದ ಬರಲಿ. ಯಾವುದನ್ನು ಯಾವುದಕ್ಕೆ ಸೇರಿಸಬೇಕು ಅನ್ನುವುದನ್ನು ನಮ್ಮ ನೆಲವೇ ಹೇಳಬೇಕು.

ನಾನು ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿ ಲೇಥ್ ಮೇಲೆ ಕೆಲಸ ಮಾಡುವವನು. ಅಳತೆ ನನ್ನ ಕಸುಬು. ಹೋದ ವರ್ಷ ಅಕ್ಕನ ಮಗಳು ಬಂದು, 'ಮಾಮಾ, ನಂಗ ರೇಸಿಗೆ ಒಂದ ಸೈಕಲ್ ಕಟ್ಟಿಕೊಡ್ತೀ?' ಅಂದಾಗ ವರ್ನಿಯರ್ ತಗೊಂಡೇ ಶುರು ಮಾಡಿದೆ. ಅವಳಿಗೆ 17 ವರ್ಷ, ಎತ್ತರ 158 ಸೆಂ.ಮೀ., ತೂಕ 48 ಕಿಲೋ. ನಮ್ಮ ಗದಗ, ವಿಜಯಪುರ, ಬಾಗಲಕೋಟೆ ಕಡೆಯ ಹುಡುಗ ಹುಡುಗಿಯರು ಸೈಕ್ಲಿಂಗ್‌ನಲ್ಲಿ ರಾಜ್ಯಕ್ಕೆ ಎಷ್ಟೋ ಪದಕ ತಂದಿದ್ದಾರೆ. ಅವಳ ಆಸೆ ಸಣ್ಣದಲ್ಲ, ತಪ್ಪೂ ಅಲ್ಲ.

ಮೊದಲ ಪ್ರಶ್ನೆ, ಇಷ್ಟು ಎತ್ತರದವಳಿಗೆ 29 ಬೇಕಾ? ಒಂದು ಲೆಕ್ಕ ಹೇಳುತ್ತೇನೆ. ಹತ್ತು ಸೆಂಟಿಮೀಟರ್ ಎತ್ತರದ ಕಲ್ಲು ಎದುರಿಗೆ ಬಂತು ಅಂದುಕೊಳ್ಳಿ. ಗಾಲಿಯ ನಡುವಿನಿಂದ ನೆಟ್ಟಗೆ ಕೆಳಗೆ ಒಂದು ಗೆರೆ, ಕಲ್ಲಿನ ಅಂಚು ಟಯರನ್ನು ಮುಟ್ಟುವ ಜಾಗಕ್ಕೆ ಇನ್ನೊಂದು ಗೆರೆ ಎಳೆಯಿರಿ. 26ರಲ್ಲಿ ಎರಡೂ ಗೆರೆಗಳ ನಡುವೆ ಸುಮಾರು 45 ಡಿಗ್ರಿ ಬರುತ್ತದೆ, 29ರಲ್ಲಿ 43. ಆ ಕೋನ ಜಾಸ್ತಿ ಆದಷ್ಟೂ ಕಲ್ಲು ನಿಮ್ಮನ್ನು ಹಿಂದಕ್ಕೆ ತಳ್ಳುತ್ತದೆ, ಕಡಿಮೆ ಆದಷ್ಟೂ ಮೇಲಕ್ಕೆ ಎತ್ತುತ್ತದೆ. ಎರಡೇ ಡಿಗ್ರಿ, ಅದೇನು ಮಹಾ ಅಂತ ನನಗೂ ಅನ್ನಿಸಿತ್ತು. ಆದರೆ ಕೆಲಗೇರಿ ಆಚೆಯ ಗರಸಿನ ದಾರಿಯಲ್ಲಿ ಒಂದು ತಾಸು ಹೋದರೆ ಇಂಥ ಕಲ್ಲು ಎಷ್ಟು ಸಿಗುತ್ತವೆ? ಪ್ರತಿ ಕಲ್ಲಿಗೂ ಕೈಗೆ, ಬೆನ್ನಿಗೆ ಒಂದು ಪೆಟ್ಟು. ಪ್ರತಿ ಪೆಟ್ಟೂ ಸ್ವಲ್ಪ ಕಡಿಮೆ. ತಾಸಿನ ಕೊನೆಗೆ ಅದು ಕಾಲಿನಲ್ಲಿ ಉಳಿದ ಶಕ್ತಿಯಾಗಿ ಕಾಣುತ್ತದೆ.

ದೊಡ್ಡ ಗಾಲಿಯ ತೊಂದರೆಯನ್ನೂ ಹೇಳಬೇಕು. ರಿಮ್, ಟಯರ್, ಕಡ್ಡಿ ಎಲ್ಲದರ ತೂಕ ಜಾಸ್ತಿ. ನಿಂತಲ್ಲಿಂದ ಓಟ ಹಿಡಿಯಲು ಸ್ವಲ್ಪ ಹೊತ್ತು ಬೇಕು. ಕುಳ್ಳಗಿದ್ದವರಿಗೆ ಹ್ಯಾಂಡಲ್ ಎತ್ತರವಾಗಿ, ದಿಬ್ಬ ಹತ್ತುವಾಗ ಮುಂದಿನ ಗಾಲಿ ಎದ್ದೇಳುತ್ತದೆ. ಸಣ್ಣ ಫ್ರೇಮಿನಲ್ಲಿ ಹ್ಯಾಂಡಲ್ ತಿರುಗಿಸಿದರೆ ಬೂಟಿನ ತುದಿ ಮುಂದಿನ ಟಯರಿಗೆ ತಾಗುವುದೂ ಉಂಟು. ಅವಳನ್ನು ಗೆಳೆಯರೊಬ್ಬರ ಸಣ್ಣ ಸೈಜಿನ 29ರ ಮೇಲೆ ಕೂರಿಸಿ ಎಂಟಿನ ಆಕಾರದಲ್ಲಿ ಸುತ್ತಿಸಿ ನೋಡಿದೆ. ಕಾಲು ತಾಗಲಿಲ್ಲ. ಆಮೇಲೆ ಕಟ್ಟುವಾಗ ನೇರ ಹ್ಯಾಂಡಲ್ ಹಾಕಿ, ಅದನ್ನು ಹಿಡಿಯುವ ಸ್ಟೆಮ್ ತಿರುವಿ ಕೆಳಮುಖ ಮಾಡಿದೆ. ಹ್ಯಾಂಡಲ್ ಸೀಟಿನ ಮಟ್ಟಕ್ಕೆ ಇಳಿಯಿತು. ಅವಳಿಗಿಂತ ಕುಳ್ಳಗಿದ್ದವರು ನನ್ನನ್ನು ಕೇಳಿದರೆ 27.5 ನೋಡಿ ಅಂತಲೇ ಹೇಳುತ್ತೇನೆ.

ಫ್ರೇಮ್ ಬೆಂಗಳೂರಿನಿಂದ ತರಿಸಿದ ಸೆಕೆಂಡ್ ಹ್ಯಾಂಡ್ ಅಲ್ಯೂಮಿನಿಯಂ. ತೂಕ ಕೇಳಲಿಲ್ಲ, ಬಣ್ಣ ಕೇಳಲಿಲ್ಲ. ಹಿಂದಿನ ಗಾಲಿ ಕೂರುವ ಜಾಗದ ಅಗಲ ಅಳೆದು ಫೋಟೋ ಕಳಿಸಿ ಅಂದೆ. ಅದಕ್ಕೆ 2.4 ಇಂಚಿನ ಟಯರ್ ಹಿಡಿಯುತ್ತದೆ. ಹಿಡಿಯುತ್ತದೆ ಅಂತ 2.4 ಹಾಕಬಾರದು. ನಾನು 2.25 ಹಾಕಿದೆ. ಈಗ ಎರಡೂ ಕಡೆ ಒಂದೊಂದು ಬೆರಳು ಸಲೀಸಾಗಿ ಹೋಗುತ್ತದೆ. ಮಣ್ಣಿಗೆ ಬಿಟ್ಟ ಹಾದಿ ಅದು.

ಈಗ ಗಾಲಿ. ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ.

ಚಕ್ಕಡಿ ಗಾಲಿಯಲ್ಲಿ ಭಾರ ಕೆಳಗಿನ ಮರದ ಕಡ್ಡಿಗಳ ಮೇಲೆ ಕಂಬದ ಮೇಲೆ ನಿಂತಂತೆ ನಿಲ್ಲುತ್ತದೆ. ಸೈಕಲ್ಲಿನ ಕಡ್ಡಿ 2 ಮಿ.ಮೀ. ತಂತಿ. ಅದನ್ನು ನಿಲ್ಲಿಸಿ ಮೇಲಿಂದ ಒತ್ತಿದರೆ ಬಾಗುತ್ತದೆ. ಅದರ ಬಲವೆಲ್ಲ ಎಳೆತದಲ್ಲಿ. ಅದಕ್ಕೇ ಅಷ್ಟೂ ಕಡ್ಡಿಯನ್ನು ಮೊದಲೇ ಬಿಗಿದು ಇಟ್ಟಿರುತ್ತೇವೆ. ನೀವು ಸೀಟಿನ ಮೇಲೆ ಕೂತಾಗ ನೆಲದ ಹತ್ತಿರದ ಎರಡು ಮೂರು ಕಡ್ಡಿಗಳ ಬಿಗಿ ಸ್ವಲ್ಪ ಸಡಿಲವಾಗುತ್ತದೆ, ಅಷ್ಟೇ. ಗಾಲಿ ತಿರುಗಿದಂತೆ ಪ್ರತಿ ಕಡ್ಡಿಯೂ ಒಂದು ಸುತ್ತಿಗೆ ಒಂದು ಸಲ ಸಡಿಲಾಗಿ ಮತ್ತೆ ಬಿಗಿಯುತ್ತದೆ. ಈ ಗಾಲಿ ಒಂದು ಸುತ್ತಿಗೆ 2.3 ಮೀಟರ್ ಹೋಗುತ್ತದೆ. ಹತ್ತು ಕಿಲೋಮೀಟರಿಗೆ ನಾಲ್ಕು ಸಾವಿರಕ್ಕಿಂತ ಜಾಸ್ತಿ ಸುತ್ತು. ಯಾವ ಕಡ್ಡಿ ಮೊದಲೇ ಸಡಿಲಿದೆಯೋ ಅದು ಪ್ರತಿ ಸುತ್ತಿಗೂ ಪೂರ್ತಿ ಜೋಲುಬಿದ್ದು, ಗಾಲಿಯ ನಡುವಿನ ಹಬ್ಬಿನ ಹತ್ತಿರ ಬಾಗಿದ ಜಾಗದಲ್ಲಿ ಒಂದು ದಿನ ಪಟ್ಟಂತ ಮುರಿಯುತ್ತದೆ. ಕಡ್ಡಿ ಮುರಿಯುವುದು ಬಿಗಿ ಜಾಸ್ತಿ ಆಗಿ ಅಂತ ಬಹಳ ಜನ ತಿಳಿದಿದ್ದಾರೆ. ನಾನು ನೋಡಿದ ಮಟ್ಟಿಗೆ ಬಹುಪಾಲು ಬಿಗಿ ಕಡಿಮೆ ಆಗಿಯೇ.

ಅಪ್ಪನ ಸೈಕಲ್ಲಿಗೆ ಮುಂದೆ 32, ಹಿಂದೆ 40 ಕಡ್ಡಿ. ಇದಕ್ಕೆ ಎರಡೂ ಕಡೆ 32. ಗಾಲಿ ದೊಡ್ಡದಾದಷ್ಟೂ ಕಡ್ಡಿ ಉದ್ದ, ಉದ್ದವಾದಷ್ಟೂ ಅಡ್ಡಡ್ಡ ಬಳುಕುವುದು ಜಾಸ್ತಿ. ಅದಕ್ಕೆ ಹಬ್ ಅಗಲವಾಗಬೇಕು. ಹಿಂದಿನ ಹಬ್ಬಿನ ಅಗಲ ಮೊದಲು 142 ಮಿ.ಮೀ. ಇತ್ತು, ಈಗ 148ರದ್ದು ಸಿಗುತ್ತದೆ. ಅದನ್ನು ಬೂಸ್ಟ್ ಅಂತಾರೆ. ಎರಡೂ ಕಡೆ ಮೂರು ಮೂರು ಮಿ.ಮೀ. ಹೊರಗೆ ಹೋದದ್ದರಿಂದ ಕಡ್ಡಿ ಹೆಚ್ಚು ಅಗಲಕ್ಕೆ ಕಾಲು ಚಾಚಿ ನಿಲ್ಲುತ್ತದೆ. 29 ಕಟ್ಟುವವರು ಫ್ರೇಮ್ ತಗೊಳ್ಳುವಾಗಲೇ ಇದನ್ನು ನೋಡಿಕೊಳ್ಳಿ. ಆಮೇಲೆ ಬದಲಿಸಲು ಆಗುವುದಿಲ್ಲ.

ಕಡ್ಡಿಯ ಉದ್ದದಲ್ಲಿ ನನ್ನಿಂದ ಒಂದು ತಪ್ಪಾಯಿತು. ರಿಮ್ ಮಾರಿದವರು ಕೊಟ್ಟ ಅಳತೆ ನಂಬಿ 294 ಮಿ.ಮೀ. ಕಡ್ಡಿ ತರಿಸಿದೆ. ಹೆಣೆದು ಬಿಗಿಯಲು ಹೋದರೆ, ಬಿಗಿ ಬರುವ ಮೊದಲೇ ಕಡ್ಡಿಯ ಥ್ರೆಡ್ ಮುಗಿಯಿತು. ತುದಿ ನಿಪ್ಪಲ್ಲಿನಿಂದ, ಅಂದರೆ ಕಡ್ಡಿಯನ್ನು ರಿಮ್ಮಿಗೆ ಬಿಗಿಯುವ ಸಣ್ಣ ನಟ್ಟಿನಿಂದ, 4 ಮಿ.ಮೀ. ಹೊರಗೆ ಬಂದು ನಿಂತಿತು. ಅಷ್ಟೂ ಬಿಚ್ಚಿದೆ. ಈ ಸಲ ಎರಡು ಹಳೇ ಕಡ್ಡಿಗಳನ್ನು ಗೊತ್ತಿರುವ ಉದ್ದಕ್ಕೆ ಕತ್ತರಿಸಿ, ನಿಪ್ಪಲ್ ಹಾಕಿ, ರಿಮ್ಮಿನ ಎದುರುಬದುರು ತೂತುಗಳಲ್ಲಿ ತೂರಿಸಿ ಎಳೆದು ನಾನೇ ಅಳೆದೆ. ನಾಲ್ಕು ಕಡೆ ಅಳೆದು ಸರಾಸರಿ ತೆಗೆದರೆ 600 ಬಂತು. ಅದರ ಅರ್ಧ 300. ಹಬ್ಬಿನ ಚಾಚಿನಲ್ಲಿ ಕಡ್ಡಿ ಕೂರುವ ವೃತ್ತದ ವ್ಯಾಸ 58 ಮಿ.ಮೀ. ಕಡ್ಡಿ ಮೂರು ಕಡೆ ಒಂದನ್ನೊಂದು ದಾಟುವ ಹೆಣಿಗೆ. ಲೆಕ್ಕ ಹಾಕಿದರೆ 290. ಅಳೆದು ತರಿಸಿದ ಕಡ್ಡಿ ಸರಿಯಾಗಿ ನಿಪ್ಪಲ್ಲಿನ ತಲೆಯ ಮಟ್ಟಕ್ಕೆ ಬಂದು ನಿಂತಿತು. ನಿಮ್ಮ ರಿಮ್ ನೀವೇ ಅಳೆಯಿರಿ. ಚೀಟಿಯ ಮೇಲೆ ಏನು ಬರೆದಿದ್ದರೂ ಸರಿ.

ಹೆಣೆಯುವ ಮೊದಲು ಕಡ್ಡಿಯ ಥ್ರೆಡ್ಡಿಗೆ ಅಗಸಿ ಎಣ್ಣೆ ಹಚ್ಚುತ್ತೇನೆ. ಪೇಂಟ್ ಅಂಗಡಿಯಲ್ಲಿ ಸಿಗುವ ಕಾಯಿಸಿದ ಎಣ್ಣೆ. ಪಶ್ಚಿಮದ ದೇಶಗಳಲ್ಲಿ ಗಾಲಿ ಕಟ್ಟುವವರು ಬಹಳ ಕಾಲದಿಂದ ಬಳಸುತ್ತಿರುವ ಉಪಾಯವಿದು. ಹಸಿ ಇದ್ದಾಗ ನಿಪ್ಪಲ್ ಸಲೀಸಾಗಿ ತಿರುಗುತ್ತದೆ. ಒಂದು ವಾರದಲ್ಲಿ ಎಣ್ಣೆ ಅಂಟಿನಂತೆ ಗಟ್ಟಿಯಾಗಿ, ಎಷ್ಟು ಅದುರಿದರೂ ನಿಪ್ಪಲ್ ಸಡಿಲಾಗುವುದಿಲ್ಲ. ರೊಟ್ಟಿ ಜೊತೆ ಅಗಸಿ ಹಿಂಡಿ ತಿನ್ನುವ ಊರಿನವನಿಗೆ ಇದು ಗೊತ್ತಾದಾಗ ಎಷ್ಟು ಖುಷಿಯಾಯಿತು ಅಂದರೆ, ಹೋಗಿ ಅವ್ವನಿಗೆ ಹೇಳಿದೆ.

ಒಂದು ರಾತ್ರಿ ಹತ್ತು ಗಂಟೆಗೆ ಹಿಂದಿನ ಗಾಲಿ ಸ್ಟ್ಯಾಂಡಿಗೆ ಹಾಕಿಕೊಂಡು ಕೂತಿದ್ದೆ. ಔಟ್, ಅಂದರೆ ರಿಮ್ಮಿನ ವಾಲಾಟ, ಎಲ್ಲ ತೆಗೆದಾಗಿತ್ತು. ತಿರುಗಿಸಿದರೆ ರಿಮ್ ಕತ್ತಿಯಂತೆ ನೇರ. ಕಡ್ಡಿಯನ್ನು ಒಂದೊಂದಾಗಿ ಬೆರಳಿನಿಂದ ಮೀಟಿ ಕೇಳುತ್ತಿದ್ದೆ. ಬಿಗಿ ಒಂದೇ ಇದ್ದರೆ ಒಂದು ಕಡೆಯ ಕಡ್ಡಿಗಳೆಲ್ಲ ಒಂದೇ ಸ್ವರ ಕೊಡಬೇಕು. ಮೇಲಿನ ಮನೆಯಲ್ಲಿ ತಬಲಾ ಮಾಸ್ತರರಿದ್ದಾರೆ. ಅವರು ಮೆಟ್ಟಿಲು ಇಳಿದು ಬಂದು ಬಾಗಿಲಲ್ಲಿ ನಿಂತರು. ನಾನು ಒಂದು ಸುತ್ತು ಮೀಟಿದೆ. 'ತಮ್ಮಾ, ನಿಂದರು. ಆ ಹಿಂದಿಂದು ಇಳದೈತಿ' ಅಂದರು. ನನಗೆ ವ್ಯತ್ಯಾಸ ಕೇಳಿಸಿರಲಿಲ್ಲ. ಕಡ್ಡಿಯ ಬಿಗಿ ಅಳೆಯುವ ಮೀಟರ್ ಹಾಕಿ ನೋಡಿದೆ. ಆ ಸಾಲಿನ ಉಳಿದವು 110 ಕಿಲೋ ಆಸುಪಾಸು ಇದ್ದವು, ಆ ಒಂದು 85. ನಾನು ಅದನ್ನೊಂದೇ ಬಿಗಿಯಲು ಹೋದೆ. ಅವರು ತಡೆದರು. ತಬಲಾದಲ್ಲಿ ಒಂದು ಕಡೆ ಸುತ್ತಿಗೆ ಬಿದ್ದರೆ ಎದುರುಗಡೆಯ ಸ್ವರವೂ ಅಲುಗುತ್ತದೆ, ಸುತ್ತಲೂ ಸ್ವಲ್ಪ ಸ್ವಲ್ಪ ಕೂಡಿಸುತ್ತಾ ಬರಬೇಕು ಅಂತ ಹೇಳಿದರು. ಗಾಲಿಯೂ ಹಾಗೇ. ಒಂದನ್ನೇ ಬಿಗಿದರೆ ರಿಮ್ ಆ ಕಡೆ ಎಳೆಯುತ್ತದೆ. ಆ ಕಡ್ಡಿಗೆ ಅರ್ಧ ಸುತ್ತು, ಅದರ ಅಕ್ಕಪಕ್ಕ ಎದುರು ಕಡೆಯಿಂದ ಬಂದ ಕಡ್ಡಿಗಳಿಗೆ ಕಾಲು ಕಾಲು ಸುತ್ತು. ಮತ್ತೆ ಮೀಟುವುದು. ಇಬ್ಬರೂ ಹನ್ನೊಂದೂವರೆವರೆಗೆ ಕೂತೆವು. ಕೊನೆಗೆ ಜೊತೆ ಜೊತೆ ಕಡ್ಡಿಗಳನ್ನು ಕೈಯಲ್ಲಿ ಗಟ್ಟಿಯಾಗಿ ಹಿಂಡಿದೆ. ಬಿಗಿಯುವಾಗ ತಿರುಚಿಕೊಂಡಿದ್ದ ಕಡ್ಡಿಗಳು ಟಿಣ್ ಟಿಣ್ ಅಂತ ಬಿಡಿಸಿಕೊಂಡವು. ಆಮೇಲೆ ಇನ್ನೊಂದು ಸಲ ಔಟ್ ತೆಗೆದೆ. ಆ ಗಾಲಿ ಇದೇ. ಮಾತು ಮುಗಿದ ಮೇಲೆ ಬಂದು ಮೀಟಿ ನೋಡಿ. ಬಲಗಡೆಯ ಸ್ವರ ಏರು, ಎಡಗಡೆಯದ್ದು ಇಳಿದಿರುತ್ತದೆ. ಗೇರಿನ ಕಡೆ ಕಡ್ಡಿ ನೆಟ್ಟಗೆ ನಿಲ್ಲುವುದರಿಂದ ಅದಕ್ಕೆ ಜಾಸ್ತಿ ಬಿಗಿ ಬೇಕು. ಅದು ತಪ್ಪಲ್ಲ.

ಗೇರಿನ ಬಗ್ಗೆ ಒಂದೇ ಲೆಕ್ಕ. ಹುಬ್ಬಳ್ಳಿ ಸ್ಟೇಷನ್ನಿನ ಉದ್ದನೆಯ ಪ್ಲಾಟ್‌ಫಾರ್ಮ್ 1507 ಮೀಟರ್. ಅಷ್ಟು ದೂರಕ್ಕೆ 26ರ ಗಾಲಿ ಸುಮಾರು 714 ಸುತ್ತು ತಿರುಗಬೇಕು, 29ರದ್ದು 652. ಅಂದರೆ ಅದೇ ಗೇರಿನಲ್ಲಿ ಒಂದು ತುಳಿತಕ್ಕೆ ಹೆಚ್ಚು ದೂರ, ದಿಬ್ಬದಲ್ಲಿ ಅಷ್ಟೇ ಹೆಚ್ಚು ಭಾರ. ಅದಕ್ಕೆ ಮುಂದಿನ ಹಲ್ಲು ಕಡಿಮೆ ಮಾಡಬೇಕು. 26ರಲ್ಲಿ 32 ಹಲ್ಲು ತುಳಿಯುತ್ತಿದ್ದವರು ಇಲ್ಲಿ 30ಕ್ಕೆ ಬನ್ನಿ. ಅವಳಿಗೆ ಮುಂದೆ 30, ಹಿಂದೆ 11ರಿಂದ 51 ಹಾಕಿದ್ದೇನೆ, ಶಿಮಾನೊ ಡಿಯೋರ್ 11 ಸ್ಪೀಡ್. ಹಗುರ ಗೇರಿನಲ್ಲಿ ನಿಮಿಷಕ್ಕೆ 60 ಸಲ ತುಳಿದರೆ ತಾಸಿಗೆ 5 ಕಿಲೋಮೀಟರ್, ನಡಿಗೆಯಷ್ಟು. ಕಡಿದಾದ ಗರಸಿನ ಏರಿನಲ್ಲಿ ಇಳಿದು ತಳ್ಳದೆ ಕೂತೇ ಹತ್ತಲು ಅದು ಸಾಕು.

ಮುಂದಿನ ಗಾಲಿ ಹಿಡಿಯುವ ಫೋರ್ಕ್ ಗಾಳಿಯದ್ದು, 100 ಮಿ.ಮೀ. ಕುಗ್ಗುವಂಥದ್ದು. ಸ್ಪ್ರಿಂಗಿನ ಫೋರ್ಕ್ 48 ಕಿಲೋದವರಿಗೆ ಕಬ್ಬಿಣದ ಸಲಾಕೆ ಇದ್ದಂತೆ, ಅಲುಗುವುದೇ ಇಲ್ಲ. ಗಾಳಿಯದ್ದಾದರೆ ತೂಕಕ್ಕೆ ತಕ್ಕಂತೆ ಇಳಿಸಬಹುದು. ಸುಮ್ನೆ ಕೂತಾಗ 20 ಮಿ.ಮೀ. ಇಳಿಯುವಂತೆ ಇಟ್ಟೆ. ಬ್ರೇಕು ಮಿನರಲ್ ಆಯಿಲ್‌ನದ್ದು, ಡಿಸ್ಕ್ ಮುಂದೆ 180 ಮಿ.ಮೀ., ಹಿಂದೆ 160. ದುಡ್ಡು ಕಡಿಮೆ ಇದ್ದರೆ ಗೇರಿನಲ್ಲಿ ಉಳಿಸಿ, ಗಾಲಿಯಲ್ಲಿ ಫೋರ್ಕಿನಲ್ಲಿ ಉಳಿಸಬೇಡಿ. ಪೆಡಲ್ ಕೂರುವ ಕ್ರ್ಯಾಂಕಿನ ಬೇರಿಂಗ್ ಕಪ್ ಹಾಕುವಾಗ ಒಂದು ಎಚ್ಚರ. ಥ್ರೆಡ್ ಇರುವ ಫ್ರೇಮಿನಲ್ಲಿ ಬಲಗಡೆಯ ಕಪ್ ಗಡಿಯಾರದ ಮುಳ್ಳಿಗೆ ಉಲ್ಟಾ ತಿರುಗಿಸಿ ಬಿಗಿಯಬೇಕು, ಎಡ ಪೆಡಲ್ಲೂ ಹಾಗೇ. ಗ್ರೀಸ್ ಹಚ್ಚಿ ಮೊದಲ ಮೂರು ಸುತ್ತು ಬರಿಗೈಯಲ್ಲೇ ತಿರುಗಿಸಿ. ಕೈಯಲ್ಲಿ ಹೋಗದ್ದನ್ನು ಪಾನಾ ಹಾಕಿ ಒತ್ತಿದರೆ ಫ್ರೇಮಿನ ಥ್ರೆಡ್ ಹೋಗುತ್ತದೆ, ಫ್ರೇಮೂ ಹೋಯಿತು.

ಇನ್ನು ಮುಳ್ಳು. ನಮ್ಮ ಕಡೆ ಸೈಕಲ್ ಹೊಡೆಯುವವರಿಗೆ ಮುಳ್ಳಿನ ಬಗ್ಗೆ ಹೇಳಬೇಕಾಗಿಲ್ಲ. ಬದುವಿನ ಮೇಲೆ ಬಳ್ಳಾರಿ ಜಾಲಿ, ಕರಿಜಾಲಿ. ನೆಲದ ಮೇಲೆ ನೆಗ್ಗಿಲು. ನೆಗ್ಗಿಲ ಮುಳ್ಳು ಹೇಗೆ ಬಿದ್ದರೂ ಒಂದು ಮೊನೆ ಮೇಲಕ್ಕೇ ಇರುತ್ತದೆ. ಟ್ಯೂಬ್ ಹಾಕಿದ ಗಾಲಿಯಲ್ಲಿ ಒಂದೇ ದಿನ ಐದು ಪಂಕ್ಚರ್ ತಿದ್ದಿದ್ದೇನೆ. ಈ ಸೈಕಲ್ಲಿನಲ್ಲಿ ಟ್ಯೂಬೇ ಇಲ್ಲ. ರಿಮ್ಮಿನ ಒಳಗೆ ಟೇಪು ಸುತ್ತಿ, ಟಯರ್ ಕೂರಿಸಿ, ಒಂದೊಂದು ಗಾಲಿಗೆ ಸುಮಾರು 100 ಮಿ.ಲೀ. ಸೀಲೆಂಟ್ ಹಾಕಿದ್ದೇನೆ. ಅದು ರಬ್ಬರಿನ ಹಾಲು. ಮುಳ್ಳು ಚುಚ್ಚಿದ ಕಡೆ ಹರಿದು ಬಂದು, ಹೊರಗಿನ ಗಾಳಿಗೆ ಗಟ್ಟಿಯಾಗಿ ತೂತು ಮುಚ್ಚುತ್ತದೆ. ಹೋದ ತಿಂಗಳು ಅವಳ ಟಯರಿನಿಂದ ಮುಳ್ಳು ಕೀಳಲು ಕೂತೆ, ಎರಡೂ ಗಾಲಿ ಸೇರಿ ಹದಿನೇಳು. ಒಂದಕ್ಕೂ ಅವಳು ದಾರಿಯಲ್ಲಿ ಇಳಿದಿರಲಿಲ್ಲ. ಮುಳ್ಳು ಕಿತ್ತ ಕೂಡಲೇ ಆ ಜಾಗ ಕೆಳಗೆ ಬರುವಂತೆ ಗಾಲಿ ತಿರುಗಿಸಿ ಹಿಡಿಯಿರಿ, ಸೀಲೆಂಟ್ ಅಲ್ಲಿಗೆ ಇಳಿಯುತ್ತದೆ. ನಮ್ಮ ಏಪ್ರಿಲ್ ಬಿಸಿಲಿಗೆ ಅದು ಬೇಗ ಒಣಗುತ್ತದೆ. ಎರಡು ತಿಂಗಳಿಗೊಮ್ಮೆ ವಾಲ್ವ್ ಬಿಚ್ಚಿ ಹೊಸದು ಹಾಕಬೇಕು. ಇದನ್ನು ಮರೆತು, ಟ್ಯೂಬ್‌ಲೆಸ್ ಕೆಲಸ ಮಾಡುವುದಿಲ್ಲ ಅನ್ನುವವರನ್ನು ನೋಡಿದ್ದೇನೆ.

ಟ್ಯೂಬ್ ಇಲ್ಲದ್ದರಿಂದ ಇನ್ನೊಂದು ಲಾಭ. ಗಾಳಿ ಕಡಿಮೆ ಇಡಬಹುದು. ಟ್ಯೂಬ್ ಇದ್ದು ಗಾಳಿ ಕಡಿಮೆಯಾದರೆ, ಕಲ್ಲಿಗೆ ಬಡಿದಾಗ ಅದು ಕಲ್ಲಿಗೂ ರಿಮ್ಮಿಗೂ ನಡುವೆ ಸಿಕ್ಕಿ ಅಕ್ಕಪಕ್ಕ ಎರಡು ತೂತು ಬೀಳುತ್ತವೆ. ಅವಳಿಗೆ ಮುಂದೆ 18, ಹಿಂದೆ 20 ಪಿಎಸ್ಐ ಇಟ್ಟಿದ್ದೇನೆ. ರಸ್ತೆ ಬದಿ ಗಾಳಿ ಹೊಡೆಯುವವರು ಬೆರಳಿನಿಂದ ಒತ್ತಿ ನೋಡಿ 'ಗಾಳಿನ ಇಲ್ಲಲ್ಲ ರೀ' ಅಂತಾರೆ. ಕಲ್ಲಿನ ನೆಲದಲ್ಲಿ ಗಟ್ಟಿ ಟಯರ್ ಪ್ರತಿ ಹರಳಿಗೂ ನಿಮ್ಮನ್ನು ಎತ್ತಿ ಇಳಿಸುತ್ತದೆ. ಎತ್ತಿದ ಶಕ್ತಿ ನಿಮ್ಮದೇ. ಮೆತ್ತನೆ ಟಯರ್ ಹರಳನ್ನು ತನ್ನೊಳಗೆ ನುಂಗಿ ಮುಂದೆ ಹೋಗುತ್ತದೆ.

ಸೈಕಲ್ ಸಿದ್ಧವಾದದ್ದು ಬೇಸಿಗೆಯಲ್ಲಿ, ತೂಕ 11.8 ಕಿಲೋ. ಮೊದಲ ದಿನ ಕೆಲಗೇರಿ ಕಡೆ ಹೋಗಿ ಬಂದು, 'ಮಾಮಾ, ಹಾದಿ ರಿಪೇರಿ ಮಾಡ್ಯಾರೇನು?' ಅಂತ ಕೇಳಿದಳು. ಹಾದಿ ಅದೇ ಇತ್ತು. ಆದರೆ ನಾನು ಕಾಯುತ್ತಿದ್ದದ್ದು ಮಳೆಗೆ. ಮಿರಗದ ಮಳೆ ಬಿತ್ತು. ಹೆಬ್ಬಳ್ಳಿ ಕಡೆಯ ಅದೇ ದಾರಿಗೆ ಇಬ್ಬರೂ ಹೋದೆವು. ಇನ್ನೂರು ಮೀಟರ್ ದಾಟಿತು. ಟಯರಿಗೆ ಮಣ್ಣು ಮೆತ್ತಿತು, ಮೇಲೆ ಹೋಯಿತು, ಸಂದಿನಿಂದ ದಾಟಿ ಉದುರಿತು. ಹಿಂದೆ ಇದ್ದ ನನ್ನ ಎದೆಗೆ, ಮುಖಕ್ಕೆ ಹೆಂಟೆ ಹೆಂಟೆಯಾಗಿ ಬಂದು ಬಡಿಯಿತು. ಅಷ್ಟು ಸಂತೋಷ ನನಗೆ ಯಾವ ಮಣ್ಣೂ ಕೊಟ್ಟಿಲ್ಲ. ಒಂದು ಕಿಲೋಮೀಟರ್ ಆದ ಮೇಲೆ ಇಳಿದು ಕಟ್ಟಿಗೆ ತುಂಡಿನಿಂದ ಮಣ್ಣು ಕೆರೆಯಬೇಕಾಯಿತು, ಅದನ್ನು ಮುಚ್ಚಿಡುವುದಿಲ್ಲ. ಎರೆ ಪೂರ್ತಿ ನೆನೆದಾಗ ಯಾವ ಸೈಕಲ್ಲೂ ಹೋಗುವುದಿಲ್ಲ. ಆಗ ಹೋಗಲೂಬಾರದು. ನಾವು ಮಾಡಿದ ಗಾಲಿಯ ಗುಂಡಿ ಒಣಗಿ ಗಟ್ಟಿಯಾಗುತ್ತದೆ, ಆಮೇಲೆ ಆ ದಾರಿಯಲ್ಲಿ ಚಕ್ಕಡಿ ಹೊಡೆಯುವವರು ಬೇರೆಯವರು. ಬಿತ್ತಿದ ಹೊಲದ ಬದು ತುಳಿಯಬೇಡಿ. ಕಪ್ಪತಗುಡ್ಡ 2019ರಿಂದ ವನ್ಯಜೀವಿಧಾಮ, ಅಲ್ಲಿಗೆ ಹೋಗುವ ಮೊದಲು ಅರಣ್ಯ ಇಲಾಖೆಯವರನ್ನು ಕೇಳಿಕೊಂಡೇ ಹೋಗಿ.

ಕೊನೆಗೆ ಪ್ರಶ್ನೆ ಕೇಳಿ ಅಂದಾಗ, ಖರ್ಚು ಎಷ್ಟಾಯಿತು ಅಂತ ಒಬ್ಬರು ಕೇಳಿದರು. ಒಂದು ಒಳ್ಳೆ ಸೆಕೆಂಡ್ ಹ್ಯಾಂಡ್ ಮೋಟಾರ್ ಬೈಕಿನಷ್ಟು. ರೆಡಿಮೇಡ್ ತಗೊಂಡಿದ್ದರೆ ಸ್ವಲ್ಪ ಕಡಿಮೆಯಲ್ಲೇ ಆಗುತ್ತಿತ್ತು. ದುಡ್ಡು ಉಳಿಸಲು ಯಾರೂ ಸೈಕಲ್ ಕಟ್ಟಬೇಡಿ, ಉಳಿಯುವುದಿಲ್ಲ.

ಹಿಂದಿನ ಸಾಲಿನಿಂದ ಒಬ್ಬ ಹುಡುಗ, ಅಜ್ಜನ 28 ಇಂಚಿನ ಸೈಕಲ್ಲಿಗೇ ದಪ್ಪ ಟಯರ್ ಹಾಕಿ ಮೌಂಟೇನ್ ಬೈಕ್ ಮಾಡಬಹುದಾ ಅಂತ ಕೇಳಿದ. ಆಗುವುದಿಲ್ಲಪ್ಪ. 622ರ ಟಯರ್ 635ರ ರಿಮ್ಮಿಗೆ ಕೂರುವುದೇ ಇಲ್ಲ, ಆ ಫ್ರೇಮಿನಲ್ಲಿ ಅಷ್ಟು ಜಾಗವೂ ಇಲ್ಲ. ಅದನ್ನು ಹಾಗೇ ಇಟ್ಟುಕೋ. ಕೀಲಿಗೆ ಎಣ್ಣೆ ಬಿಡು, ಔಟ್ ತೆಗೆಸು, ಹಿಂದಿನ ಕಡ್ಡಿ ಒಂದೊಂದಾಗಿ ಮೀಟಿ ನೋಡು. ಈ ನೆಲದಲ್ಲಿ ನಮಗಿಂತ ಜಾಸ್ತಿ ಓಡಾಡಿರುವ ಗಾಲಿ ಅದು.

ನಾನೂ ಈಗ ಹೊರಡಬೇಕು. ಅಪ್ಪನ ಗಾಲಿಗೆ ಟಯರ್ ಹಾಕಿ, ಗಾಳಿ ಹೊಡೆದು ನಿಲ್ಲಿಸಬೇಕು. ಬೆಳಿಗ್ಗೆ ಆರಕ್ಕೆ ಅವರು ಹಾಲು ತರಲು ಹೊರಡುತ್ತಾರೆ.